ಮನಿಯವರ ಎಂಬ ಮೊದಲ ಗಂಡ

೭ ಏಪ್ರಿಲ್ ೨೦೨೫, ಸೋಮವಾರ

ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಕೆಳಗೂ ಹೊಟ್ಟೆಯುರಿಗೆ ಒಳ್ಳೆಯ ಗುಳಿಗೆ ಯಾವುದೆಂದು ಬರೆದಿದ್ದಾರೆ. ನನ್ನ ಹೊಟ್ಟೆಯುರಿ ಬರೆದಿಡಲು ಇದಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ.

ಹೊಟ್ಟೆಯುರಿಯ ಹೆಸರು ವಂದನಾ. ಬನಹಟ್ಟಿಯ ನಮ್ಮ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೇ ಸಲೈನ್ ಹಚ್ಚುವುದನ್ನು ಕಲಿತವಳು. ಹೋದ ವರ್ಷ ಮಿರಜಿನ ಆಸ್ಪತ್ರೆ ಸೇರಿದಳು. ಇವತ್ತು ಫೋನ್ ಮಾಡಿ, "ಅಕ್ಕಾ, ನಮ್ಮಲ್ಲೆ ಎಲುವಿನ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಬೇಕಾಗ್ಯಾರ. ಅರ್ಧಕ್ಕರ್ಧ ಪೇಷಂಟು ಜಮಖಂಡಿ, ಮುಧೋಳ, ಬೀಳಗಿ ಕಡಿಯವರ. ಕನ್ನಡ ಬಲ್ಲವ್ರು ಬೇಕಂತ. ನೀ ಬಾ" ಎಂದಳು. ಕರೆ ಬಂತೆಂದು ಖುಷಿಪಡಬೇಕೋ, ಕರೆದವಳು ವಂದನಾ ಎಂದು ಸಿಟ್ಟಾಗಬೇಕೋ ತಿಳಿಯಲಿಲ್ಲ. ಎರಡೂ ಆದೆ.

ತೊಡಕು ಒಂದೇ. ನನ್ನ ನರ್ಸಿಂಗ್ ನೋಂದಣಿ ಕರ್ನಾಟಕದ್ದು. ಗಡಿಯಾಚೆ ಅದು ನಡೆಯುವುದಿಲ್ಲ, ಮಹಾರಾಷ್ಟ್ರದ್ದನ್ನೂ ಮಾಡಿಸಿಕೊಳ್ಳಬೇಕು. ಜುಲೈ ಮೂವತ್ತೊಂದರೊಳಗೆ ಆ ಪತ್ರ ಕೈಗೆ ಬರದಿದ್ದರೆ ಕುರ್ಚಿ ಬೇರೆಯವರಿಗೆ. ಮಧ್ಯಾಹ್ನದ ಬಿಡುವಿನಲ್ಲಿ ಅರ್ಜಿ ಹಾಕಿಬಿಟ್ಟೆ.

ಇವರಿಗೆ ಹೇಳಿದೆ. "ಹಾಕು, ನೋಡೂಣು" ಎಂದು ಮಗ್ಗದ ಕಡೆ ಹೋದರು. ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ನನ್ನ ಗಂಡನ ಹತ್ತಿರ ಇದೊಂದೇ ಉತ್ತರ. ಅತ್ತೆಗೆ ಹೇಳಿಲ್ಲ. ಮಿರಜಿನ ಹೆಸರೆತ್ತಿದರೆ ದಾನಮ್ಮನವರು ಇಂದಿಗೂ ಸೊಂಟ ಹಿಡಿದುಕೊಳ್ಳುತ್ತಾರೆ. ಆಮೇಲೆ ನನ್ನ ಕಿವಿಯನ್ನೂ ಹಿಡಿದುಕೊಂಡಾರು.

೧೯ ಏಪ್ರಿಲ್, ಶನಿವಾರ

ಕಾಗದಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತಾಗ ಹದಿನಾಲ್ಕು ವರ್ಷದ ಹಿಂದಿನ ನನ್ನ ನಾಚಿಕೆ ಎದ್ದು ಬಂದು ಮುಂದೆ ಕೂತಿತು.

ಆಧಾರಿನಲ್ಲಿ ಶೇವಂತಿ, ನಡುವೆ ಇವರ ಹೆಸರು, ಕಡೆಗೆ ಕೊಣ್ಣೂರ. ಸರಿ. ನರ್ಸಿಂಗ್ ನೋಂದಣಿಯಲ್ಲಿ ಮಾತ್ರ ಶೇವಂತಿ ಮನಿಯವರ.

ಆಗ ಮದುವೆಯಾಗಿ ಇಪ್ಪತ್ತೆರಡು ದಿನ ಆಗಿತ್ತು. ಕೈಯ ಹಸಿರು ಬಳೆ ಒಂದೂ ಒಡೆದಿರಲಿಲ್ಲ. ಝೆರಾಕ್ಸ್ ಅಂಗಡಿಯ ಮುದುಕ ಫಾರ್ಮ್ ತುಂಬುತ್ತಾ, "ಗಂಡನ ಹೆಸರೇನವಾ?" ಎಂದ. ಹೊಸ ಮದುಮಗಳು ಗಂಡನ ಹೆಸರನ್ನು ಪೇಟೆಯಲ್ಲಿ ನಿಂತು ಹೇಳುವುದುಂಟೇ? ಕಾಲುಂಗುರ ನೋಡುತ್ತಾ "ನಮ್ಮನಿಯವರು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದೆ. ಮುಂದಿನದನ್ನು ಜತೆಗೆ ಬಂದ ಅಪ್ಪ ಹೇಳಲಿ ಎಂದು ಕಾದೆ. ಅಪ್ಪ ಚಹಾ ಕುಡಿಯಲು ಹೋಗಿದ್ದ. ಮುದುಕ ತಡಮಾಡಲಿಲ್ಲ. ನಮ್ಮ ಕಡೆ ಗೌಡರ, ಪೂಜಾರಿಯವರ ಎಂದೆಲ್ಲ ಅಡ್ಡಹೆಸರು ಇರುವಾಗ ಮನಿಯವರ ಯಾಕೆ ಇರಬಾರದು? ಬರೆದುಬಿಟ್ಟ. ನಾನು ಓದಿದೆ. ತಿದ್ದಿಸಬೇಕೆಂದರೆ ಹೆಸರು ಹೇಳಬೇಕಲ್ಲ! ಇರಲಿ ಎಂದು ಸಹಿ ಮಾಡಿದೆ.

ಇಷ್ಟು ವರ್ಷ ಯಾರೂ ಕೇಳಿಲ್ಲ. ಮಹಾರಾಷ್ಟ್ರದ ನೋಂದಣಿ ಮಾಡುವ ಮುಂಬಯಿ ಕಚೇರಿಯವರೂ ಕೇಳಲಿಕ್ಕಿಲ್ಲ ಎಂದು ಹಾಗೇ ಕಳಿಸಿದೆ.

೧೪ ಮೇ, ಬುಧವಾರ

ಕೇಳಿದರು. ಅದೂ ನನ್ನನ್ನಲ್ಲ, ನಮ್ಮ ಅತ್ತೆಯನ್ನು.

ನಾನು ಬಚ್ಚಲಲ್ಲಿದ್ದೆ, ಫೋನ್ ಚಾರ್ಜಿಗಿತ್ತು. ಇಚಲಕರಂಜಿಯ ನೂಲಿನ ವ್ಯಾಪಾರಿಗಳ ಜತೆ ನಲವತ್ತು ವರ್ಷ ಜಗಳಾಡಿ ಅತ್ತೆಗೆ ಮರಾಠಿ ಬರುತ್ತದೆ. ನಾನು ಹೊರಬಂದಾಗ ಫೋನನ್ನು ಕಿವಿಯಿಂದ ದೂರ ಹಿಡಿದು, ಅದು ಕಚ್ಚಿತೇನೋ ಎಂಬಂತೆ ನೋಡುತ್ತಿದ್ದರು.

"ಯಾರಬೇ ಆ ಮಣಿಯಾರ?"

"ಯಾವ ಮಣಿಯಾರ್ರಿ ಅತ್ತ್ಯಾರ?"

"ನಿನ್ನ ಮೊದಲನೇ ಗಂಡ! ಮುಂಬೈಲಿಂದ ಒಬ್ಬಾಕಿ ಫೋನ್ ಮಾಡಿದ್ಲು. ಮಣಿಯಾರನ್ನ ಬಿಟ್ಟು ಸೋಡಚೀಟಿ ಆಗಿದ್ರ ಅದನ್ನ ಕಳಸ್ರಿ, ಸತ್ತಿದ್ರ ಸತ್ತ ಚೀಟಿ ಕಳಸ್ರಿ ಅಂದ್ಲು."

ಎರಡು ಕಾಗದದಲ್ಲಿ ಎರಡು ಅಡ್ಡಹೆಸರು ಕಂಡು ಅವರು ಎರಡು ಮದುವೆ ಎಂದುಕೊಂಡಿದ್ದಾರೆ. ಮರಾಠಿಯಲ್ಲಿ ಮಣಿಯಾರ ಎಂದರೆ ಬಳೆಗಾರ. ನಮ್ಮ ಮನಿಯವರ ಮುಂಬಯಿ ಮುಟ್ಟುವಷ್ಟರಲ್ಲಿ ಬಳೆ ಮಾರಲು ನಿಂತಿದ್ದಾನೆ! ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಇವರು ಮಗ್ಗದ ಮನೆಯಿಂದ ಇಣುಕಿ, "ಹಂಗಾರ ನನ್ನ ನಂಬರ ಎಷ್ಟನೇದು?" ಎಂದರು.

೧೫ ಮೇ

ಅತ್ತೆ ಮಾತಾಡುತ್ತಿಲ್ಲ. ರೊಟ್ಟಿಯನ್ನು ತಾಟಿಗೆ ಇಡುವುದಿಲ್ಲ, ಒಗೆಯುತ್ತಾರೆ.

೧೭ ಮೇ, ಶನಿವಾರ

ಇವತ್ತು ಎಲ್ಲ ಹೇಳಿಬಿಟ್ಟೆ. ರೊಟ್ಟಿ ಹಾರಿ ಬರುವುದನ್ನು ಮೂರನೇ ದಿನವೂ ನೋಡುವುದು ನನ್ನಿಂದಾಗಲಿಲ್ಲ.

ಝೆರಾಕ್ಸ್ ಅಂಗಡಿ, ಕಾಲುಂಗುರ, ಅಪ್ಪನ ಚಹಾ ಎಲ್ಲ ಕೇಳಿದ ಮೇಲೆ ಅತ್ತೆಯ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಿಮ್ಮಪ್ಪ ಚಾ ಕುಡ್ಯಾಕ ಹ್ವಾದ, ನಿನಗೊಬ್ಬ ಗಂಡ ಹೆಚ್ಚಿಗಿ ಬಂದ" ಎಂದರು. ನಗು ನಿಂತ ಮೇಲೆ ಕೇಳಿದರು, "ಈ ಕಾಗದ ಎಲ್ಲಾ ಯಾಕ ಬೇಕಾಗೇತಿ?"

"ಮಿರಜಿಗೆ ಹೋಗಬೇಕಂತ ಮಾಡೇನ್ರಿ. ಅದ ದವಾಖಾನಿಗಿ."

ಅವರ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಹೋದ ವರ್ಷ, ವಂದನಾ ಇನ್ನೂ ಅಲ್ಲಿ ಸೇರಿರದಾಗ, ಬಿದ್ದು ಸೊಂಟದ ಎಲುಬು ಮುರಿದಾಗ ಆಪರೇಷನ್ ಮಾಡಿಸಿದ್ದು ಅಲ್ಲೇ. ಆಪರೇಷನ್ ಸುಸೂತ್ರವಾಯಿತು. ಕೆಟ್ಟದ್ದು ಒಂದು ಮಾತಿನಿಂದ. ಮರುದಿನ ಬೆಳಿಗ್ಗೆ ಸಿಸ್ಟರ್ ಬಂದು "ಉಠಾ ಆಜೀ" ಎಂದಳಂತೆ, ಏಳಿ ಅಜ್ಜಿ ಎಂದು. ನೂಲಿನ ದರ ಕೇಳಲು ಬರುವ ಮರಾಠಿ ಅರವಳಿಕೆಯ ಮಂಪರಿನಲ್ಲಿ ಎಲ್ಲಿ ಬರಬೇಕು? ಅತ್ತೆಗೆ ಕೇಳಿಸಿದ್ದು ಊಟ. ಬಾಯಿ ಕಹಿ, ಹಸಿವಿಲ್ಲ. "ಒಲ್ಲೆ ಒಲ್ಲೆ" ಎಂದು ಕೈಯಾಡಿಸಿದರು. ಮಧ್ಯಾಹ್ನ ಮತ್ತೆ ಉಠಾ, ಮತ್ತೆ ಒಲ್ಲೆ. ಸಂಜೆಯೂ ಅದೇ. ಇಷ್ಟು ಸಲ ಉಣ್ಣು ಉಣ್ಣು ಎಂದು ಕಾಡುತ್ತಾರೆ, ಒಂದು ತಾಟನ್ನೂ ತರುವುದಿಲ್ಲ ಎಂದು ಅತ್ತೆಗೆ ಆಶ್ಚರ್ಯ. ಅಜ್ಜಿ ಹಟಮಾರಿ, ಏಳಲು ಒಪ್ಪುವುದಿಲ್ಲ ಎಂದು ಫೈಲಿನಲ್ಲಿ ಬರೆದರು. ನಾನು ರಜೆ ಸಿಕ್ಕು ನಾಲ್ಕನೇ ದಿನ ಮುಟ್ಟುವ ಹೊತ್ತಿಗೆ ಬೆನ್ನಿನ ಚರ್ಮ ಒಡೆದಿತ್ತು.

ನಾನೇ ಎಬ್ಬಿಸುತ್ತೇನೆ ಎಂದು ಮುಂದೆ ಹೋದೆ. ನೀವು ಯಾರು ಎಂದರು. ನರ್ಸ್ ಎಂದೆ. ರಿಜಿಸ್ಟ್ರೇಷನ್ ಯಾವ ರಾಜ್ಯದ್ದು? ಹೇಳಿದೆ. "ಹಾಗಾದರೆ ಇಲ್ಲಿ ನೀವು ನರ್ಸ್ ಅಲ್ಲ, ಸಂಬಂಧಿಕರು. ಹೊರಗೆ ಕೂತುಕೊಳ್ಳಿ" ಎಂದರು. ಅವರ ತಪ್ಪಿಲ್ಲ, ನಿಯಮ ಹಾಗಿದೆ. ಆದರೆ ಬಾಗಿಲ ಹೊರಗಿನ ಆ ಬೆಂಚಿನ ಮೇಲೆ ಕೂತು ನಾನು ಅತ್ತಷ್ಟು ನನ್ನ ಹೆರಿಗೆಯಲ್ಲೂ ಅತ್ತಿರಲಿಲ್ಲ. ವಂದನಾಳ ಮೇಲಿನ ಹೊಟ್ಟೆಯುರಿ ಖರೆ. ಇದು ಅದಕ್ಕಿಂತ ಖರೆ.

ಅತ್ತೆಗೆ ಇಷ್ಟನ್ನೂ ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಬಹಳ ಹೊತ್ತು ನೂಲಿನ ಕಂಡಿಕೆ ಸುತ್ತುತ್ತಾ ಕೂತಿದ್ದು ಕೊನೆಗೆ ಎಂದರು: "ಹೋಗು. ಐದು ದಿನ ಅಲ್ಲಿರು, ಎರಡು ದಿನ ಮನಿಗಿ ಬಾ. ಮಗಳು ಹೆಂಗೂ ಹಾಸ್ಟೇಲದಾಗದಾಳ, ನಿನ್ನ ಗಂಡಗ ನಾ ರೊಟ್ಟಿ ಹಾಕತೇನಿ. ಆದ್ರ ಒಂದ ಮಾತು. ಹೋದ ದಿನಾನ ನನ್ನಂಥ ಒಬ್ಬ ಮುದಿಕಿನ ಎಬ್ಬಸಿ ನಿಂದ್ರಸಬೇಕು. ನಿಂದ್ರಸಿ ನನಗ ಫೋನ್ ಮಾಡಬೇಕು."

ರೊಟ್ಟಿಯನ್ನು ಕೈಯಿಂದಲೇ ಇಟ್ಟರು. ನಾಲ್ಕು ತಿಂದೆ.

೩ ಜೂನ್, ಮಂಗಳವಾರ

ಜಮಖಂಡಿಯಲ್ಲಿ ಧರ್ಮರಾಜ ವಕೀಲರ ಹತ್ತಿರ ಅಫಿಡವಿಟ್ ಮಾಡಿಸಿದೆವು. ವಕೀಲರಿಗೆ ಇಂಥ ಕೇಸು ವಕೀಲಿಯಲ್ಲೇ ಮೊದಲನೆಯದಂತೆ. ಹುರುಪಿನಿಂದ ಟೈಪು ಮಾಡಿಸಿ ಗಟ್ಟಿಯಾಗಿ ಓದಿದರು: "ಮನಿಯವರ ಎಂಬ ವ್ಯಕ್ತಿಯು ನನ್ನ ಜೀವನದಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇರುವುದಿಲ್ಲ, ಆತನೊಂದಿಗೆ ನನಗೆ ಯಾವುದೇ ತರಹದ ಸಂಬಂಧವಿರುವುದಿಲ್ಲ."

ಇವರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಹದಿನಾಕು ವರ್ಷ ಆತು ಲಗ್ನ ಆಗಿ. ಹಂಗಾರ ನಾ ಯಾರ್ರಿ ವಕೀಲ್ರ?"

"ನೀವು ಗಂಡ."

"ಅಂದ್ರ ಮನಿಯವರ ಹೌದಲ್ಲೋ?"

ವಕೀಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಸಾಲನ್ನು ಹೊಸದಾಗಿ ಬರೆಸಿದರು. ಮನಿಯವರ ಎಂಬುದು ವ್ಯಕ್ತಿಯಲ್ಲ, ಗೌರವಸೂಚಕ ಶಬ್ದ ಎಂದು. ಇವರಿಗೆ ಸಮಾಧಾನವಾಯಿತೋ ಇಲ್ಲವೋ. ಬಸ್ಸಿನಲ್ಲಿ ಬನಹಟ್ಟಿ ಬರುವ ತನಕ "ವ್ಯಕ್ತಿಯಲ್ಲ ಅಂತ" ಎಂದು ಎರಡು ಸಲ ತಮ್ಮಷ್ಟಕ್ಕೆ ಅಂದುಕೊಂಡರು.

೨೪ ಜೂನ್

ಮುಂಬಯಿಯ ಉತ್ತರ ಬಂತು. ಫೈಲು ನೋಡುವವರು ಸರಿತಾ ಮೇಡಂ ಎಂಬವರು. ಅಫಿಡವಿಟ್ ಮುಟ್ಟಿದೆ, ಆದರೆ ಅದರಲ್ಲಿ ಅರ್ಜಿದಾರಳದೇ ಮಾತು. ಗಂಡನ ಮನೆಯ ಹಿರಿಯರೊಬ್ಬರು ವಿಡಿಯೋ ಕರೆಯಲ್ಲಿ ಬಂದು, ತಮ್ಮ ಗುರುತು ಹೇಳಿ, ಈಕೆಗೆ ಬೇರೆ ಗಂಡ ಇರಲಿಲ್ಲ ಎಂದು ಹೇಳಬೇಕು. ಜುಲೈ ಒಂಬತ್ತು, ಹನ್ನೊಂದು ಗಂಟೆ.

ಹಿರಿಯರು ಎಂದರೆ ಇರುವವರು ದಾನಮ್ಮನವರೊಬ್ಬರೇ. ಮಾವ ತೀರಿಕೊಂಡು ಎಂಟು ವರ್ಷ. ನೌಕರಿಯ ಸಂದರ್ಶನ ತನಗೇ ಎಂಬಂತೆ ಅತ್ತೆ ಆಗಲೇ ಇಳಕಲ್ ಸೀರೆ ಬಿಸಿಲಿಗೆ ಹಾಕಿದ್ದಾರೆ.

೨ ಜುಲೈ

ತಾಲೀಮು ನಡೆದಿದೆ. ನಾನು ಮುಂಬಯಿ, ಅತ್ತೆ ಅತ್ತೆ.

"ನಿಮ್ಮ ಹೆಸರು?"

"ದಾನಮ್ಮ." ಮಗ್ಗದ ಸದ್ದಿನ ನಡುವೆ ಬದುಕು ಕಳೆದವರು, ಮುಂಬಯಿಗೆ ಫೋನಿಲ್ಲದೆಯೇ ಕೇಳಿಸುವಂತೆ ಹೇಳುತ್ತಾರೆ.

"ಗಂಡನ ಹೆಸರು?"

ಒಂದು ಸಲ ಗೋಡೆಯ ಮೇಲಿನ ಮಾವನ ಫೋಟೋ ತೋರಿಸಿದರು. ಇನ್ನೊಂದು ಸಲ, "ಆಧಾರದಾಗ ಬರದೈತಲ್ಲ, ಓದಕೊಳ್ಳಾಕ ಹೇಳು ಆಕಿಗಿ" ಎಂದರು. ಎಂಟು ವರ್ಷದ ಹಿಂದೆ ಹೋದವರ ಹೆಸರಿಗೆ ಇಷ್ಟೇಕೆ ಸಂಕೋಚ, ಕಾಲ ಎಲ್ಲಿಗೆ ಬಂತು ಎಂದು ಸಣ್ಣ ಭಾಷಣ ಮಾಡಿದೆ.

"ಭಾಳ ಶಾಣ್ಯಾಕಿ ಆಗಿ. ಹಂಗಾರ ನೀ ಹೇಳು ನಿನ್ನ ಗಂಡನ ಹೆಸರು."

ನನಗೆ ಕೆಮ್ಮು ಬಂತು. ಈ ಮನೆಯಲ್ಲಿ ಹತ್ತಿಯ ಧೂಳು ಜಾಸ್ತಿ. ಅತ್ತೆ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟರು.

೯ ಜುಲೈ, ಬುಧವಾರ

ನಮ್ಮ ಮನೆಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ, ಇಲ್ಲವೆ ಕರೆಂಟು ಹೋದಾಗ, ಇಲ್ಲವೆ ಸಾವಾದಾಗ. ಇವತ್ತು ಹತ್ತೂ ಮುಕ್ಕಾಲಿಗೆ ಅತ್ತೆ ನಾಲ್ಕೂ ಮಗ್ಗ ನಿಲ್ಲಿಸಿದರು. ಪಕ್ಕದ ಮನೆಯವರು ಯಾರು ಹೋದರು ಎಂದು ಕೇಳಲು ಬಂದರು. ಅವರನ್ನು ಹೊರಗಿಟ್ಟು ಬಾಗಿಲು ಹಾಕಿ ಕೂತೆವು.

ಸರಿತಾ ಮೇಡಂ ತೆರೆಯ ಮೇಲೆ ಬಂದರು. ಐವತ್ತರ ಆಸುಪಾಸು, ಸಿಟ್ಟಿನ ಕನ್ನಡಕ, ಎರಡೂ ಕಡೆ ಫೈಲಿನ ರಾಶಿ. ಅತ್ತೆಯ ಹೆಸರು ಕೇಳಿದರು. ಅತ್ತೆ ಮುಂಬಯಿ ನಡುಗುವಂತೆ ಹೇಳಿದರು. ಆಮೇಲೆ ಮೇಡಂ, "ಮಿಸ್ಟರಾಂಚ ನಾವ?" ಎಂದರು. ಯಜಮಾನರ ಹೆಸರು.

ಅತ್ತೆ ಫೋಟೋದ ಕಡೆ ನೋಡಿದರು, ಸೆರಗು ಸರಿ ಮಾಡಿಕೊಂಡರು, ಮತ್ತು ಹದಿನಾಲ್ಕು ವರ್ಷದ ಹಿಂದೆ ನಾನು ಎಂದದ್ದನ್ನೇ ಎಂದರು:

"ನಮ್ಮನಿಯವರ್ರೀ..."

ಸರಿತಾ ಮೇಡಂ ಪೆನ್ನು ಕೆಳಗಿಟ್ಟರು. "ಮಣಿಯಾರ? ತುಮಚೇ ಪಣ ಮಣಿಯಾರ?"

ನಿಮ್ಮವರೂ ಮಣಿಯಾರರೇ! ಅತ್ತೆಗೂ ಸೊಸೆಗೂ ಒಬ್ಬನೇ ಗಂಡ ಎಂದಂತಾಯಿತು. ಬಾಗಿಲ ಸಂದಿಯಿಂದ ಇವರು ಕಿಸಕ್ಕನೆ ನಕ್ಕರು. ನಾನು ಅರ್ಧ ಹಿಂದಿ, ಅರ್ಧ ಮರಾಠಿ, ಉಳಿದದ್ದು ಕೈಸನ್ನೆಯಲ್ಲಿ ಹೇಳಿದೆ: ಮೇಡಂ, ನೀವು ಈಗ ಕಿವಿಯಾರೆ ಕೇಳಿದಿರಲ್ಲ, ಆವತ್ತು ಆದದ್ದೂ ಇದೇ. ಇದು ಹೆಸರಲ್ಲ. ಹೆಸರು ಹೇಳಬಾರದಾದಾಗ ನಮ್ಮ ಕಡೆ ಹೇಳುವ ಮಾತು. ನಮ್ಮ ಮನೆಯವರು.

ಮೇಡಂ ನನ್ನ ನೋಂದಣಿ ಪತ್ರ ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟು, "ಅಗಬಾಯಿ! ಆಮಚೇ ಹೇ!" ಎಂದು ಜೋರಾಗಿ ನಕ್ಕರು. ಅವರ ಕಡೆ ಹೆಂಗಸರು ಗಂಡನಿಗೆ ಹೀಗೇ ಅನ್ನುತ್ತಾರಂತೆ, ನಮ್ಮ ಇವರು ಎಂದು. ನಕ್ಕು ಮುಗಿದ ಮೇಲೆ, ಆದರೂ ಗುರುತಿಗೆ ಹೆಸರು ಬೇಕೇ ಬೇಕು, ಉಖಾಣಾ ಹಾಕಿ ಹೇಳಿ ಎಂದರು.

ಉಖಾಣಾ ಎಂದರೆ ನಮ್ಮ ಒಡಪು. ಗಂಡನ ಹೆಸರನ್ನು ಬರಿಯ ಬಾಯಲ್ಲಿ ಹೇಳದವರು ಪ್ರಾಸದಲ್ಲಿ ಕಟ್ಟಿ ಹೇಳಬಹುದು. ಅತ್ತೆಗೆ ಅಷ್ಟು ಸಿಕ್ಕರೆ ಸಾಕಾಗಿತ್ತು. ಬೆನ್ನು ನೆಟ್ಟಗೆ ಮಾಡಿ ಕೂತರು.

"ಲಾಳ್ಯಾಗ ನೂಲು ಕಡದ್ರ ಕಟ್ಟತೇನಿ ಗಂಟ,
ಮಲಕಾಜಪ್ಪನವರು ಹ್ವಾದ್ರೂ ಕಡದಿಲ್ಲ ನಂಟ."

ಮಾವನ ಹೆಸರು ಆಕೆಯ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಬಾಗಿಲ ಹಿಂದೆ ಇವರ ನಗು ನಿಂತಿತ್ತು. ಅರ್ಥವನ್ನು ಮರಾಠಿಯಲ್ಲಿ ಹೇಳಹೊರಟೆ. ಮೇಡಂ ಬೇಡವೆಂದು ಕೈ ಮಾಡಿದರು. ತಾವೂ ಒಂದು ಹಾಕಿದರು:

"ಫಾಯಲೀವರ ಮಾರತೇ ಶಿಕ್ಕಾ ಗೋಲ,
ಜ್ಞಾನೇಶ್ವರರಾವಾಂಚಾ ಶಬ್ದ ಅನಮೋಲ."

ಫೈಲಿನ ಮೇಲೆ ಹೊಡೆಯುತ್ತೇನೆ ದುಂಡನೆಯ ಮುದ್ರೆ, ನಮ್ಮವರ ಮಾತಿಗೆ ಬೆಲೆ ಕಟ್ಟಲಾಗದು. ಗಂಡನ ಮಾತಿನ ಬೆಲೆ ಏನಾದರೂ ಇರಲಿ, ನನ್ನ ಕಣ್ಣು ಆ ಮುದ್ರೆಯ ಮೇಲಿತ್ತು. ಮೇಲಿನವರ ಸಹಿ ಆದ ಮೇಲೆ ಎಂದರು.

೨೮ ಜುಲೈ

ಇಲ್ಲ. ಅಂಚೆಯವನು ನನ್ನನ್ನು ಕಂಡರೆ ಓಣಿ ಬದಲಿಸುತ್ತಾನೆ.

೩೦ ಜುಲೈ, ಬುಧವಾರ

ಬಂತು! ಬಂತು, ಬಂತು!

ಹೆಸರು ಸರಿಯಾಗಿದೆ. ಶೇವಂತಿ, ನಡುವೆ ಇವರ ಹೆಸರು, ಕೊಣ್ಣೂರ. ಮನಿಯವರನ ಸುದ್ದಿಯೇ ಇಲ್ಲ. ಹದಿನಾಲ್ಕು ವರ್ಷ ಜತೆಗಿದ್ದವನು ಹೇಳದೆ ಹೋದ. ಕೆಳಗೆ ದುಂಡನೆಯ ಮುದ್ರೆ.

ಅತ್ತೆ ಪತ್ರವನ್ನು ದೇವರ ಮುಂದೆ ಇಡಲಿಲ್ಲ. ಮಾವನ ಫೋಟೋಕ್ಕೆ ಆನಿಸಿ ಇಟ್ಟರು.

೪ ಆಗಸ್ಟ್, ಸೋಮವಾರ, ಮಿರಜ

ಬೆಳಿಗ್ಗೆ ಆರಕ್ಕೆ ಬಸ್ಸು. ಮಧ್ಯಾಹ್ನದೊಳಗೆ ಇನ್‌ಚಾರ್ಜ್ ಕುರ್ಚಿಯಲ್ಲಿ ಕೂತಿದ್ದೆ. ವಂದನಾ ಚಹಾ ತಂದುಕೊಟ್ಟಳು. ಒಳ್ಳೆಯ ಹುಡುಗಿ, ಹಾಗೆ ನೋಡಿದರೆ.

ಮೂರು ಗಂಟೆಗೆ ವಾರ್ಡಿನಿಂದ ದನಿ ಕೇಳಿತು. "ಉಠಾ ಆಜೀ, ಉಠಾ!" ಅದರ ಹಿಂದೆಯೇ, "ಒಲ್ಲೆ ಅಂದ್ನೆಲ್ಲ, ಈಗರೆ ಉಂಡೇನಿ!"

ಓಡಿದೆ. ಬೀಳಗಿ ಕಡೆಯ ಯಲ್ಲಕ್ಕ, ಎಪ್ಪತ್ತು ದಾಟಿದವರು, ಸೊಂಟದ ಆಪರೇಷನ್ನಿನ ಮರುದಿನ. ಎಳೆಯ ಸಿಸ್ಟರು ಆಗಲೇ ಫೈಲು ತೆರೆದು ಪೆನ್ನು ಹಿಡಿದಿದ್ದಳು. ಬಗ್ಗಿ ನೋಡಿದೆ. ಗಂಡನ ಹೆಸರಿನ ಮುಂದೆ ಮಣಿಯಾರ ಎಂದು ಬರೆದಿತ್ತು. ನನ್ನನ್ನು ಬಿಟ್ಟವನು ಇಲ್ಲಿ ಬಂದು ಸಂಸಾರ ಹೂಡಿದ್ದಾನೆ!

"ಯಕ್ಕಾ, ಊಟ ಅಲ್ರಿ, ಏಳ್ರಿ ಅನ್ನಾಕತ್ತಾಳ" ಎಂದೆ.

"ಹಂಗ ಬಾಯಿ ಬಿಟ್ಟು ಹೇಳಬಾರದಾ? ಏಳತೇನಿ."

"ಅದಕ್ಕೂ ಮೊದಲ ಒಡಪು ಹಾಕ್ರಿ. ನಿಮ್ಮನಿಯವರ ಹೆಸರು ಫೈಲಿಗಿ ಬೇಕು."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲ ನಿಂದ ಹಾಕು."

ಕೆಮ್ಮೋಣವೆಂದರೆ ಇಲ್ಲಿ ಹತ್ತಿಯ ಧೂಳಿಲ್ಲ. ವಾರ್ಡಿನ ಎಂಟೂ ಮಂಚ ಇತ್ತ ತಿರುಗಿದವು.

"ಮಿರಜಿ ಬಸ್ಸು ಹತ್ತಿನಿ ಮುಂಜಾನೆ ಆರಕ,
ಪ್ರಭುಲಿಂಗ ಅವರು ಚೀಲ ಹೊತ್ತು ಬಂದ್ರು ಸ್ಟ್ಯಾಂಡಿನ ತನಕ."

ಯಲ್ಲಕ್ಕ ಬಾಯ್ತುಂಬ ನಕ್ಕರು. ನನ್ನ ಹೆಗಲಿಗೆ ಕೈ ಹಾಕಿ, ಅಯ್ಯಯ್ಯೋ ಎನ್ನುತ್ತಲೇ ಎದ್ದರು, ವಾಕರ್ ಹಿಡಿದು ನಿಂತರು. ಒಡಪು ಹಾಕುವಾಗ ಕೂತು ಹಾಕಬಾರದಂತೆ. ಪ್ರಾಸ ನನ್ನದಕ್ಕಿಂತ ಚೆನ್ನಾಗಿತ್ತು, ಹೆಸರು ಶಿದ್ರಾಮಪ್ಪ. ಮಣಿಯಾರನನ್ನು ಹೊಡೆದು ಅದನ್ನು ಬರೆದೆ. ರೋಗಿ ಎದ್ದು ನಿಂತಿದ್ದಾರೆ ಎಂದೂ ಬರೆದೆ. ಕೆಳಗೆ ನನ್ನ ಸಹಿ, ನೋಂದಣಿ ಸಂಖ್ಯೆ.

ಡ್ಯೂಟಿ ಮುಗಿದ ಕೂಡಲೇ ಬನಹಟ್ಟಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಊಟ ಆಯಿತೇ, ರೂಮು ಹೇಗಿದೆ, ಏನೂ ಕೇಳಲಿಲ್ಲ.

"ಎದ್ದಳೇನಬೇ?"

"ಎದ್ದಳ್ರಿ ಅವ್ವಾ."

ಆಚೆಯಿಂದ ಮಗ್ಗದ ಸದ್ದು ಕೇಳಲಿಲ್ಲ. ಕರೆಂಟು ಹೋಗಿದೆಯೇ ಎಂದು ಕೇಳಿದೆ. ಇಲ್ಲವಂತೆ. ನನ್ನ ಫೋನ್ ಬರುತ್ತದೆ ಎಂದು ನಾಲ್ಕು ಗಂಟೆಯಿಂದ ಮಗ್ಗ ನಿಲ್ಲಿಸಿ ಕೂತಿದ್ದಾರಂತೆ.